ಒಡೆದುಹೋದ ಬಳ್ಳಾರಿ

‘ಬಳ್ಳಾರಿ’ ಅಂದ್ರೆ ನಿಮ್ಮ ಕಣ್ಣಿಗೆ 3 ಅಕ್ಷರ, ಅಲ್ವಾ? ಯೂನಿಕೋಡ್‌ನಲ್ಲಿ ಅದು 7 ಸಂಕೇತ.

ಕೆಲವು ನಕ್ಷೆ ತಂತ್ರಾಂಶಗಳು ವೇಗಕ್ಕಾಗಿ ಒಂದೊಂದು ಸಂಕೇತವನ್ನೂ ಬಿಡಿ ಚಿತ್ರವಾಗಿಟ್ಟುಕೊಂಡು ಸಾಲಾಗಿ ಜೋಡಿಸುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ಒತ್ತು, ಗುಣಿತ ಕೂಡಿಸೋ ಹಾರ್ಫ್‌ಬಝ್‌ನಂಥ ಎಂಜಿನ್ ಬೇಕು. ಅದಿಲ್ಲದೆ ನನ್ನ ಮಳೆ ನಕ್ಷೆಯಲ್ಲಿ ಚುಕ್ಕಿಗಳೆಲ್ಲ ಸರಿಯಾಗಿ ಕೂತವು, ಊರ ಹೆಸರುಗಳು ಒಡೆದವು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತ್ತು.

‘ಇಂಗ್ಲಿಷಲ್ಲೇ ಹಾಕ್ಬಿಡು’ ಅಂದ್ರು ಜೊತೆಯವರು. ಕನ್ನಡ ಮಾತ್ರ ಓದೋ ನಮ್ಮಮ್ಮನಂಥವರಿಗೆ ಆಮೇಲೆ ಆ ನಕ್ಷೆ ಯಾಕೆ ಹೇಳಿ?

ಬ್ರೌಸರಿಗೆ ಒತ್ತು ಕೂಡಿಸೋದು ಗೊತ್ತು. ಅದರ ಕ್ಯಾನ್ವಾಸ್ ಮೇಲೆ ಇಡೀ ಹೆಸರು ಬರೆಸಿ, ಆ ಚಿತ್ರವನ್ನೇ ಐಕಾನ್ ಆಗಿ ನಕ್ಷೆಗೆ ಅಂಟಿಸಿದೆ. ಜೂಮ್ ಮಾಡಿದ್ರೆ ಸ್ವಲ್ಪ ಮಸುಕು, ಓದೋಕೆ ಅಡ್ಡಿಯಿಲ್ಲ.

ನಿಮ್ಮೂರ ಹೆಸರಲ್ಲಿ ಎಷ್ಟು ಒತ್ತಕ್ಷರ? ಕಮೆಂಟ್‌ನಲ್ಲಿ ಬರೀರಿ.