ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಎಷ್ಟು ವೇಗಕ್ಕೆ ಎಷ್ಟು ದುಡ್ಡು?

ಕೊಳ್ಳೇಗಾಲ, ಹನೂರು, ಯಳಂದೂರು ಅಂತ ಸುದ್ದಿಗೆ ಸುತ್ತುವಾಗ ಎಲ್ಲಾ ಕಡೆ ನನಗೆ ಎದುರಾಗೋ ಪ್ರಶ್ನೆ ಒಂದಿದೆ: ‘ಅಣ್ಣಾ, ಕಂಪ್ಯೂಟರ್ ತುಂಬಾ ಸ್ಲೋ ಆಗದೆ, ಹೊಸದು ತಕ್ಕಬೇಕಾ?’ ಕೇಳುವವರು ಜೆರಾಕ್ಸ್ ಅಂಗಡಿಯವರು, ಡಿಗ್ರಿ ಓದುವ ಹುಡುಗರು, ಲಗ್ನಪತ್ರಿಕೆ ಟೈಪ್ ಮಾಡುವ ಡಿಟಿಪಿಯವರು. ಹೆಚ್ಚಿನವರಿಗೆ ನಾನು ಹೇಳೋದು ಇಷ್ಟೇ: ಹೊಸದು ಬೇಡ, ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲೂ ದುಬಾರಿಯದ್ದು ಬೇಡ.

ಯಾಕೆ? ಹಾರ್ಡ್‌ಡಿಸ್ಕ್ ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತೆ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಹಳೇ ಗ್ರಾಮಫೋನಿನ ಮುಳ್ಳಿನಂಥ ಒಂದು ಕೈ ಅದರ ಮೇಲೆ ಓಡಾಡಿ ಒಂದೊಂದೇ ಫೈಲ್ ಹುಡುಕಬೇಕು. ವಿಂಡೋಸ್ ಆನ್ ಆಗುವಾಗ ಬೇಕಾಗೋದು ಇಂಥ ಸಾವಿರಾರು ಸಣ್ಣ ಫೈಲು. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಪೆನ್‌ಡ್ರೈವ್ ಥರ ಬರೀ ಚಿಪ್. ಹುಡುಕಾಟದ ಹೊತ್ತೇ ಉಳಿಯುತ್ತೆ.

ಈಗ ಲೆಕ್ಕ ನೋಡಿ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತೆ. ಸಾಟಾ ಎಸ್‌ಎಸ್‌ಡಿ 500 ಎಂಬಿ. ಎನ್‌ವಿಎಂಇ ಅನ್ನೋದು 3,500 ಎಂಬಿ, ಅದರಲ್ಲೇ ಹೊಸದು 7,000 ಎಂಬಿಯನ್ನೂ ದಾಟುತ್ತೆ. ಅಂದರೆ 4 ಜಿಬಿ ವಿಡಿಯೋ ಓದೋಕೆ ಹಾರ್ಡ್‌ಡಿಸ್ಕಿಗೆ 40 ಸೆಕೆಂಡ್, ಸಾಟಾಗೆ 8, ಎನ್‌ವಿಎಂಇಗೆ ಒಂದು ಚಿಲ್ಲರೆ. ಮೊದಲನೇ ಮೆಟ್ಟಿಲಿಗೆ 32 ಸೆಕೆಂಡ್ ಉಳೀತು, ಎರಡನೇದಕ್ಕೆ ಏಳೇ.

ನನ್ನ ಹಳೇ ಲ್ಯಾಪ್‌ಟಾಪ್ ಆನ್ ಆಗೋಕೆ ನಾಲ್ಕು ನಿಮಿಷ ತಗೊಳ್ತಿತ್ತು. ಸಾಟಾ ಹಾಕಿಸಿದ ಮೇಲೆ ಅರ್ಧ ನಿಮಿಷವೂ ಬೇಡ. ಸುದ್ದಿಗಿಷ್ಟು ಅಂತ ದುಡ್ಡು ಬರುವ ನನ್ನಂಥವನಿಗೆ ಪುಟ ಕಟ್ಟುವ ಹೊತ್ತಿಗೆ ಸುದ್ದಿ ಮುಟ್ಟದಿದ್ದರೆ ಆ ದಿನದ ಓಡಾಟ ಪೂರ್ತಿ ದಂಡ. ಆದರೆ 100 ಎಂಬಿ ವಿಡಿಯೋ ಕಳಿಸೋಕೆ 5 ಎಂಬಿಪಿಎಸ್ ನೆಟ್‌ವರ್ಕಿನಲ್ಲಿ ಎರಡೂವರೆ ನಿಮಿಷ ದಾಟುತ್ತೆ. ಅಲ್ಲಿ ಎಷ್ಟು ದುಬಾರಿ ಎಸ್‌ಎಸ್‌ಡಿ ಇದ್ದರೂ ಒಂದೇ. ಬೆಟ್ಟದ ಕಡೆ ಸಿಗ್ನಲ್ಲೇ ಸಿಗದಿದ್ದರೆ ಕೇಳಲೇಬೇಡಿ.

ಜೆರಾಕ್ಸ್ ಅಂಗಡಿ ಲೆಕ್ಕ ಇನ್ನೂ ದೊಡ್ಡದು. ಜಾತಿ-ಆದಾಯ ಪತ್ರಕ್ಕೆ, ಪಹಣಿಗೆ ಕೂಲಿ ಬಿಟ್ಟು ಬಂದವರು ಕ್ಯೂನಲ್ಲಿ ನಿಂತಿರ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷ ತಡವಾದರೂ ಹನ್ನೆರಡು ಜನಕ್ಕೆ ಒಂದು ಗಂಟೆ. ಸರ್ವರ್ ಬಿಝಿ ಆದರೆ ನಮ್ಮ ಕೈಲಿಲ್ಲ, ಕಂಪ್ಯೂಟರ್ ಮಲಗೋದು ನಮ್ಮ ಕೈಲಿದೆ.

ಬೆಲೆ ವಿಷಯ. 2023ರಲ್ಲಿ ಎಸ್‌ಎಸ್‌ಡಿ ತುಂಬಾ ಅಗ್ಗವಾಗಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ ಬಾಚಿಕೊಳ್ತಿರೋದರಿಂದ ರೇಟು ಏರಿದೆ. ಹೋದ ವರ್ಷ ಗೆಳೆಯ ಕೊಟ್ಟ ಬೆಲೆ ಇವತ್ತಿಗೆ ನಡೆಯಲ್ಲ. ಆದ್ದರಿಂದ ಎರಡು ಕಡೆ ವಿಚಾರಿಸಿ, ಒಂದು ಜಿಬಿಗೆ ಎಷ್ಟು ರೂಪಾಯಿ ಬೀಳುತ್ತೆ ಅಂತ ಭಾಗಿಸಿ ನೋಡಿ. ಬರಹ, ಫೋಟೋ, ಅರ್ಜಿ ಕೆಲಸಕ್ಕೆ 240 ಅಥವಾ 256 ಜಿಬಿ ಸಾಕು. ದಿನಾ ವಿಡಿಯೋ ಎಡಿಟ್ ಮಾಡುವವರು ಮಾತ್ರ 500ಕ್ಕೆ ಹೋಗಲಿ.

ಕೊಳ್ಳೋಕೆ ಮುಂಚೆ ಮೂರು ಮಾತು:

1. ನಿಮ್ಮ ಲ್ಯಾಪ್‌ಟಾಪಿಗೆ ಯಾವುದು ಕೂರುತ್ತೆ ಅಂತ ಬಿಚ್ಚಿಸಿ ನೋಡಿ. ಹಳೇವಕ್ಕೆ ಎರಡೂವರೆ ಇಂಚಿನ ಸಾಟಾ. ಎಂ.2 ಜಾಗ ಇದ್ದರೂ ಎಲ್ಲದಕ್ಕೂ ಎನ್‌ವಿಎಂಇ ಹಿಡಿಯಲ್ಲ.

2. ಬಿಲ್ಲು, ವಾರಂಟಿ ಇಲ್ಲದೆ ತಗೋಬೇಡಿ. ಹೆಸರೇ ಕೇಳದ ಕಂಪನಿ ತೀರಾ ಕಡಿಮೆಗೆ 2 ಟಿಬಿ ಕೊಡ್ತೀನಿ ಅಂದರೆ ಅನುಮಾನ ಇರಲಿ.

3. ಎಸ್‌ಎಸ್‌ಡಿ ಕೆಟ್ಟರೆ ಬಹಳ ಸಲ ಮುನ್ಸೂಚನೆ ಇಲ್ಲದೇ ಕೆಡುತ್ತೆ. ಒಳಗಿನ ಫೈಲ್ ವಾಪಸ್ ಬರೋದು ಕಷ್ಟ.

ಹಾಗಾಗಿ ತೆಗೆದ ಹಾರ್ಡ್‌ಡಿಸ್ಕ್ ಚೆನ್ನಾಗಿದ್ದರೆ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಯುಎಸ್‌ಬಿ ಕೇಸ್ ಒಂದಕ್ಕೆ ಹಾಕಿಸಿ, ಮನೆ ಫೋಟೋ, ಮಾರ್ಕ್ಸ್‌ಕಾರ್ಡ್, ಜಮೀನಿನ ಕಾಗದದ ಸ್ಕ್ಯಾನ್ ಅದರಲ್ಲೂ ಒಂದು ಪ್ರತಿ ಇಡಿ. ಓಡೋಕೆ ಅದು ನಿಧಾನ, ಕಾಯೋಕೆ ಇನ್ನೂ ಆಗುತ್ತೆ.