ಬಂದೂಕಿಗೊಬ್ಬ ಒಡೆಯ
ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯಲ್ಲಿ ಮೆಕ್ಕೆಜೋಳದ ಫಸಲನ್ನು ಕಾಡುಹಂದಿಗಳಿಂದ ಕಾಯಲೆಂದು ಲೈಸೆನ್ಸ್ ಪಡೆದ ರೈತನು, ಚುನಾವಣೆ ಬಂತೆಂದರೆ ತನ್ನ ಒಂಟಿನಳಿಗೆಯ ಬಂದೂಕನ್ನು ಠಾಣೆಗೊಪ್ಪಿಸಿ, ರಸೀದಿಯನ್ನು ಜೇಬಿನಲ್ಲಿ ಮಡಿಚಿಟ್ಟು ಮರಳುವನು. 1959ರ ಆಯುಧ ಕಾಯಿದೆಯ ಕಡತದಲ್ಲಿ ಆ ಆಯುಧಕ್ಕೆ ಒಡೆಯನೊಬ್ಬನ ಹೆಸರುಂಟು. ಇದನ್ನು ಕಿರುಕುಳವೆನ್ನುವವರುಂಟು, ನನಗೆ ಹಾಗೆ ತೋರದು. ಅಮೆರಿಕದಲ್ಲಾದರೋ, ಬಂದೂಕಿನ ಉದ್ಯಮದ ಒಡೆಯನನ್ನು ಗುರುತಿಸುವುದು ಇಷ್ಟು ಸುಲಭವಲ್ಲ. ಸರ್ಬರಸ್ ಎಂಬ ಖಾಸಗಿ ಬಂಡವಾಳ ಸಂಸ್ಥೆಯು 2006ರಲ್ಲಿ ಬಂದೂಕು ತಯಾರಿಸುವ ಬುಷ್‌ಮಾಸ್ಟರನ್ನೂ, ಮರುವರ್ಷ 1816ರಷ್ಟು ಪುರಾತನವಾದ, ಅದೇ ಕಸುಬಿನ ರೆಮಿಂಗ್ಟನ್ನನ್ನೂ ಕೊಂಡು ಒಂದೇ ಕೂಟವಾಗಿಸಿತು. 2012ರಲ್ಲಿ ನ್ಯೂಟೌನಿನ ಶಾಲೆಯಲ್ಲಿ 20 ಮಕ್ಕಳ ಪ್ರಾಣಹರಣ ಮಾಡಿದ ಬುಷ್‌ಮಾಸ್ಟರ್ ಬಂದೂಕಿನ ಉದ್ಯಮದಲ್ಲಿ, ಸರ್ಬರಸ್ಸಿನ ಮುಖಾಂತರ, ಕ್ಯಾಲಿಫೋರ್ನಿಯಾದ ಶಿಕ್ಷಕರ ಪಿಂಚಣಿಯ ಹಣವೇ ತೊಡಗಿದ್ದಿತೆಂದರೆ ಎದೆ ನಡುಗುವುದಿಲ್ಲವೆ? ಆ ಹತ್ಯೆಯ ಬಳಿಕ ಕೂಟವನ್ನು ಮಾರಿಬಿಡುವೆನೆಂದ ಸರ್ಬರಸ್ಸಿಗೆ ಒಪ್ಪುವ ಗಿರಾಕಿ ದೊರೆಯಲಿಲ್ಲ. ಸಾಲದಲ್ಲಿ ಮುಳುಗಿದ ಆ ಕೂಟವು 2018ರಲ್ಲಿ ದಿವಾಳಿಯೆದ್ದು, 2020ರಲ್ಲಿ ಬಿಡಿಬಿಡಿಯಾಗಿ ಬಿಕರಿಯಾಯಿತು.