ತೆಂಕಣದ ದನಿ

ಒಬ್ಬನು ಆಡಿದ ಮಾತಿನಲ್ಲಿ ಹುರುಳೆಷ್ಟಿದೆಯೆಂದು ನೋಡುವ ಮುನ್ನ, ಅದರ ಧಾಟಿ ಯಾವ ಸೀಮೆಯದೆಂದು ಗುರುತಿಸಿ ನಗುವುದು ಮನುಷ್ಯನ ಹಳೆಯ ಚಪಲ. ದೊಡ್ಡ ಪಟ್ಟಣದವನ ತೊದಲೂ ನಾಗರಿಕ. ದೂರದೂರಿನವನ ಸೂಕ್ತಿಯೂ ಗ್ರಾಮ್ಯ! ಹಾಡಿನ ಲೋಕವೂ ಈ ಚಪಲದಿಂದ ಪಾರಾಗಿಲ್ಲ.

ರ‍್ಯಾಪ್ ಎಂಬುದು ರಾಗಕ್ಕಿಂತ ಮಾತನ್ನೇ ಹೆಚ್ಚಾಗಿ ನೆಚ್ಚಿದ ಗಾನ. ತಾಳದ ಬೆನ್ನೇರಿಸಿ ಪ್ರಾಸದ ಮಾತನ್ನು ಓಡಿಸುವುದೇ ಅದರ ಕೌಶಲ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಅದು ಹುಟ್ಟಿತು. ಮುಂದೆ ಪಶ್ಚಿಮ ತೀರದ ಲಾಸ್ ಏಂಜಲೀಸ್ ಅದಕ್ಕೆ ಎರಡನೆಯ ತವರಾಯಿತು. ಈ ಎರಡು ನಗರಗಳು ಹಿರಿಮೆಗಾಗಿ ಸೆಣಸುತ್ತಿದ್ದ ಕಾಲದಲ್ಲಿ, ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಪಂಕ್ತಿಯಲ್ಲಿ ಎಲೆಯನ್ನೇ ಹಾಕಿರಲಿಲ್ಲವೆನ್ನಬಹುದು.

ಆ ದಕ್ಷಿಣದಲ್ಲಿ, ಜಾರ್ಜಿಯಾದ ಅಟ್ಲಾಂಟಾ ನಗರದಲ್ಲಿ, ಒಂದು ಮನೆಯ ನೆಲಮಾಳಿಗೆ. ಗಾರೆ ಕಾಣದ ಮಣ್ಣಿನ ನೆಲ. ಅಲ್ಲಿ ನೆರೆಯುತ್ತಿದ್ದ ತರುಣರು ಅದನ್ನು ‘ಡಂಜನ್’, ಎಂದರೆ ಸೆರೆಯ ಕತ್ತಲಕೋಣೆ, ಎಂದು ಕರೆಯುತ್ತಿದ್ದರು. ‘ಆರ್ಗನೈಜ್ಡ್ ನಾಯ್ಜ್’ ಎಂಬ ಬಳಗದವರು ಸಂಗೀತ ಕಟ್ಟುತ್ತಿದ್ದರು. ಆಂಡ್ರೆ ಬೆಂಜಮಿನ್, ಆಂಟ್ವಾನ್ ಪ್ಯಾಟನ್ ಎಂಬ ಇಬ್ಬರು ಶಾಲಾ ಗೆಳೆಯರು ಮಾತು ಹೊಸೆಯುತ್ತಿದ್ದರು. ತಮ್ಮ ಜೋಡಿಗೆ ಅವರು ಇಟ್ಟುಕೊಂಡ ಹೆಸರು ‘ಔಟ್‌ಕಾಸ್ಟ್’—ಬಹಿಷ್ಕೃತ. 1994ರಲ್ಲಿ ಮೊದಲ ಆಲ್ಬಮ್ ಹೊರಬಂದಾಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ.

ಇಟ್ಟುಕೊಂಡ ಹೆಸರು ಮರುವರ್ಷವೇ ನಿಜವಾಯಿತು. 1995ರ ಆಗಸ್ಟಿನಲ್ಲಿ ‘ದಿ ಸೋರ್ಸ್’ ಪತ್ರಿಕೆಯ ಪ್ರಶಸ್ತಿ ಸಮಾರಂಭ ನ್ಯೂಯಾರ್ಕಿನಲ್ಲಿ ನಡೆಯಿತು. ಹೊಸ ತಂಡಗಳಲ್ಲಿ ಔಟ್‌ಕಾಸ್ಟೇ ಶ್ರೇಷ್ಠವೆಂದು ಸಾರಿದೊಡನೆ ಸಭೆಯಿಂದ ಧಿಕ್ಕಾರದ ಕೂಗೆದ್ದಿತು. ಪ್ಯಾಟನ್ ಸಂಯಮದಿಂದಲೇ ಮಾತನಾಡಿದನು. ಬೆಂಜಮಿನ್ನನಿಗೆ ತಡೆಯಲಾಗಲಿಲ್ಲ. ಕಿವಿ ಮುಚ್ಚಿಕೊಂಡವರು ಮುಚ್ಚಿಕೊಳ್ಳಲಿ, ದಕ್ಷಿಣಕ್ಕೂ ಹೇಳುವುದೊಂದಿದೆ—ಇದು ಅವನ ನುಡಿಯ ಸಾರ.

ಹೇಳುವುದಿದೆಯೆಂದು ಸಾರುವುದು ಸುಲಭ. ಹೇಳಿ ತೋರುವುದು ಕಷ್ಟ. ನಗೆಪಾಟಲಾದವನು ಸಾಮಾನ್ಯವಾಗಿ ನಕ್ಕವರ ಧಾಟಿಯನ್ನೇ ಕಲಿಯಲು ಹೊರಡುತ್ತಾನೆ, ಇಲ್ಲವೆ ಬೈಗುಳಕ್ಕಿಳಿಯುತ್ತಾನೆ. ಈ ಗೆಳೆಯರು ಎರಡನ್ನೂ ಬಿಟ್ಟು ಕೆಲಸಕ್ಕೆ ಕುಳಿತರು. 1996ರ ಆಲ್ಬಮ್ಮಿಗೆ ಅಟ್ಲಾಂಟಾದ ಹೆಸರನ್ನೂ ಅನ್ಯಲೋಕದ ಜೀವಿಗಳ ಹೆಸರನ್ನೂ ಬೆಸೆದು ‘ಎಟಿಎಲಿಯನ್ಸ್’ ಎಂದರು. ಹೊರಗಿನವರೆಂದಿರಲ್ಲವೆ, ಹಾಗೆಯೇ ಆಗಲಿ ಎಂಬ ಧೀರ ವಿನೋದ ಅದರಲ್ಲಿದೆ.

1998ರ ಸೆಪ್ಟೆಂಬರಿನಲ್ಲಿ ಬಂದ ಮೂರನೆಯ ಆಲ್ಬಮ್ ‘ಅಕ್ವೆಮಿನೈ’. ಪಾಶ್ಚಾತ್ಯ ಗಣನೆಯಂತೆ ಪ್ಯಾಟನ್ನನದು ಕುಂಭರಾಶಿ, ಬೆಂಜಮಿನ್ನನದು ಮಿಥುನ. ಎರಡನ್ನೂ ಕೂಡಿಸಿದ್ದೇ ಈ ಹೆಸರು. ಒಬ್ಬನು ಬೀದಿಯ ಬದುಕನ್ನು ಬಲ್ಲ ಚತುರ, ಇನ್ನೊಬ್ಬನು ವಿಚಿತ್ರ ವೇಷದ ಅಂತರ್ಮುಖಿ. ಯಾರೂ ಯಾರಂತೆಯೂ ಆಗದೆ ಒಂದಾಗಿರಬಹುದೆಂಬುದಕ್ಕೆ ಆ ಆಲ್ಬಮ್ಮೇ ಸಾಕ್ಷಿ. ದಕ್ಷಿಣದ ಎಳೆದಾಡುವ ನುಡಿಯನ್ನು ಅದು ಎಲ್ಲಿಯೂ ತಿದ್ದಿಕೊಳ್ಳಲಿಲ್ಲ. ‘ರೋಸಾ ಪಾರ್ಕ್ಸ್’ ಎಂಬ ಹಾಡಿನ ನಡುವೆ ಹಳ್ಳಿಯ ಹಬ್ಬವನ್ನು ನೆನಪಿಸುವ ಮೌತ್ ಆರ್ಗನ್ ಮೊಳಗುತ್ತದೆ. ನುಡಿಸಿದವರು ಬೆಂಜಮಿನ್ನನ ಮಲತಂದೆ, ಚರ್ಚಿನ ಪಾದ್ರಿ. ಏಳು ನಿಮಿಷದ ಇನ್ನೊಂದು ಹಾಡು ಕಹಳೆಗಳ ನಾದದೊಡನೆ ಕುಣಿತದ ಮನೆಯಲ್ಲಿ ಮೊದಲಾಗಿ, ಪ್ರೇಮಕ್ಕೆ ತಿರುಗಿ, ಅಂಚೆ ಕಚೇರಿಯ ಕೆಲಸಕ್ಕೆ ಕರೆ ಬಾರದ ಒಬ್ಬ ತರುಣನ ಬಳಿ ಬಂದು ನಿಲ್ಲುತ್ತದೆ. ಉದ್ಯೋಗದ ಕಾಗದಕ್ಕಾಗಿ ಬಾಗಿಲು ಕಾದ ಯಾವ ಮನೆಗೆ ಈ ದುಃಖ ಅಪರಿಚಿತ?

ಇನ್ನೊಂದು ಸಂಗತಿ. ಯಾವ ಪತ್ರಿಕೆಯ ಸಮಾರಂಭದಲ್ಲಿ ಅವಮಾನವಾಯಿತೋ ಅದೇ ಪತ್ರಿಕೆ ಅಕ್ವೆಮಿನೈಗೆ ಐದಕ್ಕೆ ಐದು ಅಂಕ ನೀಡಿತು. ಆಲ್ಬಮ್ಮಿನ ಕೊನೆಯ ಹಾಡು ಮುಗಿಯುವಾಗ 1995ರ ಆ ಭಾಷಣದ ಮುದ್ರಿತ ಧ್ವನಿಯೇ ಕೇಳಿಬರುತ್ತದೆ. ಮೂರು ವರ್ಷ ಹಳೆಯದಾದ ಗಾಯವನ್ನು ಗೆಳೆಯರು ಮರೆಮಾಚಲಿಲ್ಲ. ಅದಕ್ಕೆ ಮೊದಲು ಒಂದು ಗಂಟೆಗೂ ಮಿಕ್ಕಿ ಹಾಡಿ ಉತ್ತರ ಹೇಳಿದ್ದರು.

2004ರಲ್ಲಿ ಔಟ್‌ಕಾಸ್ಟಿನ ಮತ್ತೊಂದು ಕೃತಿಗೆ ವರ್ಷದ ಶ್ರೇಷ್ಠ ಆಲ್ಬಮ್ಮೆಂಬ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. 2006ರ ಅನಂತರ ಇಬ್ಬರೂ ಕೂಡಿ ಹೊಸ ಆಲ್ಬಮ್ ತಂದಿಲ್ಲ. ಆದರೆ ಅಟ್ಲಾಂಟಾ ಇಂದು ರ‍್ಯಾಪಿನ ಅಗ್ರಪಂಕ್ತಿಯಲ್ಲಿ ಕುಳಿತಿದೆ. ನಾಳೆ ಮತ್ತಾವುದೋ ಮೂಲೆಯ ಹುಡುಗರಿಬ್ಬರು ತಮ್ಮೂರಿನ ಧಾಟಿಯಲ್ಲೇ ಬಾಗಿಲು ತಟ್ಟಿದಾಗ, ಅದು ನಗದೆ ಅವರಿಗೊಂದು ಎಲೆ ಹಾಕೀತೇ?